ಖಾಲಿ

ಊರಾಗ ಯಾರ ಮನಿ ಎಷ್ಟು ಭಾರ
ನನ್ನ ಟಂಟಂಗ ಗೊತ್ತದ.
ಸ್ಟೇಷನ್ ಬಜಾರದ ಮಾಸ್ತರದು ಎರಡು ಟ್ರಿಪ್,
ಪುಸ್ತಕದ್ದೇ ಒಂದು, ಉಳಿದದ್ದೊಂದು.
ಗಂಜಿನ ಬ್ಯಾಳಿ ಮಿಲ್ಲಿನಾಗ
ತೊಗರಿ ಹಸನು ಮಾಡೋ ಚಂದಮ್ಮಂದು ಅರ್ಧ ಗಾಡಿ.
ಆ ಅರ್ಧದಾಗ ಒಂದು ಬೀಸುಕಲ್ಲು.
ಬೀಸದೆ ಹನ್ನೆರಡು ವರ್ಷಾತು,
ಬಿಟ್ಟು ಬಾ ಅಂದ್ರ ಬಿಡಂಗಿಲ್ಲ.

ಹನ್ನೊಂದು ತಿಂಗಳ ಕರಾರು.
ಹನ್ನೆರಡನೆ ತಿಂಗಳು
ಕಿರಾಯಿದಾರನ ಕ್ಯಾಲೆಂಡರಿನಾಗ ಇರಂಗಿಲ್ಲ.
ಉಗಾದಿ ಮುಂದ, ರಂಜಾನ್ ಮುಗದ ಮ್ಯಾಲ,
ಸಾಲಿ ಸೂಟಿ ಬಿಟ್ಟಾಗ, ನಲವತ್ನಾಲ್ಕು ಡಿಗ್ರಿ ಬಿಸಿಲಾಗ
ಫೋನು ಬರ್ತದ:
"ಸಾಯಬಣ್ಣ, ಖಾಲಿ ಮಾಡಬೇಕಂತ."

ಮನಿ ಹುಡುಕಲಿಕ್ಕೂ ನನ್ನೇ ಕರೀತಾರ.
ಮಾಲಕರು ಮೊದಲ ಕೇಳೋದು ಪಗಾರಲ್ಲ.
"ನೀವ್ಯಾ ಮಂದಿ?"
ನನ್ನ ಹೆಸರು ಕೇಳಿ ಅರ್ಧ ಬಾಗಿಲ ತೆಗದು ನಿಂದ್ರತಾರ.
ಸಾಯಬ ಅಂದಾಗ ಒಂದು ಮುಖ,
ಅಣ್ಣ ಅಂದಾಗ ಇನ್ನೊಂದು.
ನಮ್ಮವ್ವ ದರ್ಗಾಕ್ಕ ಹರಕಿ ಹೊತ್ತು ಹಡದಾಳ, ಇಷ್ಟೇ.
ಮಂದಿ ಹೊಸ್ತಿಲದಾಗ ನಿಂತು ಎಷ್ಟು ಸಲ ಹೇಳಲಿ.
ಆಮ್ಯಾಲ ಮಾಂಸದ ಮಾತು, ನೀರಿನ ಮಾತು,
ರಾತ್ರಿ ಹತ್ತಕ್ಕ ಗೇಟು,
ಬಂದು ಹೋಗೋ ಬೀಗರೆಷ್ಟು.
ಕಡೀಗೆ ಡಿಪಾಜಿಟ್ಟು.

ಈ ಸಲ ಬ್ಯಾರೆ ಆತು.
ರಿಂಗ್ ರೋಡಿನ ಆಚಿ, ಹುಮನಾಬಾದ ದಾರಿಗೆ
ನಾಕು ಮಜಲಿನ ಮನಿ ಕಟ್ಟ್ಯಾರ.
ಮಾರಾಕಲ್ಲ, ಬಾಡಗಿಗಷ್ಟೇ.
ಗಳಿಕಿ ಮೂರು ಪಾಲು ಮಾಡಿದ್ರ
ಒಂದು ಪಾಲಿನಕಿಂತ ಜಾಸ್ತಿ ಮುಟ್ಟಂಗಿಲ್ಲಂತ.
ಚೀಟಿ ಎತ್ತಿ ಕೊಟ್ಟಾರ ಬೀಗದ ಕೈ.
ಚೀಟಿಗೆ ಯಾ ಮಂದಿ ಅಂತ ಕೇಳಾಕ ಬಾಯಿಲ್ಲ.

ಒಂದೇ ದಿನ ಎರಡು ಸಂಸಾರ ಹೊತ್ತೆ.
ಮುಂಜಾನೆ ಬ್ಯಾಂಕಿನ ನಾಗಿಂದ್ರಪ್ಪಂದು:
ಫ್ರಿಜ್ಜು, ಸೋಫಾ, ಗಾಜಿನ ಕಪಾಟು.
ಮಧ್ಯಾಹ್ನ ಚಂದಮ್ಮಂದು.
ಆಕೀ ಸಾಮಾನ ಇಳಸಲಿಕ್ಕ ಹಿಂದಿನ ಬಾಗಿಲ ಹುಡುಕಿ
ಬಿಲ್ಡಿಂಗಿಗೆ ಒಂದು ಸುತ್ತು ಹಾಕಿದೆ.
ಎಲ್ಲ್ಯರ ಇರಬೇಕಲ್ಲ, ಇಂಥವರಿಗೆ ಬ್ಯಾರೆ ಬಾಗಿಲ.
ವಾಚಮನ್ ನಕ್ಕ: "ಒಂದೇ ಅದ, ಕಾಕಾ."
ಒಂದೇ ಬಾಗಿಲ, ಒಂದೇ ಶಹಾಬಾದ ಫರಸಿ ಪಾವಟಿಗಿ,
ನಾಗಿಂದ್ರಪ್ಪನ ಎದುರಿನ ಮನಿ.

ಬೀಸುಕಲ್ಲು ಎರಡನೆ ಮಜಲಿಗೆ ಒಯ್ಯಾಗ
ನನ್ನ ಉಸಿರು ನಿಂತು ಹೋತು.
ನಾಗಿಂದ್ರಪ್ಪ ಬನೀನಿನ ಮ್ಯಾಲ ಹೊರಗ ಬಂದ.
ಕಲ್ಲು ನೋಡಿದ, ಚಂದಮ್ಮನ್ನ ನೋಡಿದ.
ಅವನ ಮನಸಿನಾಗ ಏನು ಬಂತೋ ಏನು ಹೋತೋ.
ಮಾತಾಡಲಿಲ್ಲ. ಒಂದು ಬಾಜು ಹಿಡದ.

ಇದನ್ನ ದೊಡ್ಡದು ಮಾಡಂಗಿಲ್ಲ ನಾ.
ಅವತ್ತೇ ಸಂಜಿಗೆ ನೀರು ಬಿಟ್ಟಾಗ
ಅವನ ಹೆಂಡತಿ ಚಂದಮ್ಮನ ಜೋಡಿ
ವಾಲ್ವಿನ ಮುಂದ ಜಗಳ ತಗದಿದ್ಲು. ಅದೂ ಕೇಳಿದೆ.
ಆದ್ರ ಜಗಳ ನೀರಿಂದಿತ್ತು.
ಬರೇ ನೀರಿಂದು.

ನಂದೂ ಅರ್ಜಿ ಹೋಗ್ಯದ.
ನಂಬರ ಇನ್ನೂರಾ ಹದಿನೇಳು. ಮನಿ ಅರವತ್ತು.
ಜೇವರ್ಗಿ ರಸ್ತೆಕ್ಕೂ, ಆಳಂದ ರಸ್ತೆಕ್ಕೂ,
ಅತ್ಲಾಗ ಶಹಾಬಾದಿನತನಾ
ಇಂಥವೇ ಏಳಬೇಕು ಅಂತ ಚಹಾದಂಗಡ್ಯಾಗ ಮಾತು.
ನಮ್ಮಾಕಿ ಕೇಳ್ತಾಳ:
"ಎಲ್ಲಾರಿಗೂ ಮನಿ ಸಿಕ್ಕು
ಯಾರೂ ಖಾಲಿ ಮಾಡಲಿಲ್ಲಂದ್ರ
ನಮ್ಮ ಗಾಡಿಗೆ ಗತಿ ಯಾರು?"

ಕಟ್ಟೋತನಾ ಉಸುಕು ಹೊರ್ತೀನಿ, ಫರಸಿ ಹೊರ್ತೀನಿ ಅಂದೆ.
"ಕಟ್ಟಿ ಮುಗದ ಮ್ಯಾಲ?"
ಮುಗದ ಮ್ಯಾಲ ಬೇವಿನ ಗಿಡದ ತೆಳಗ
ಅದೂ ಖಾಲಿ ನಿಂದ್ರಲಿ ಬಿಡು,
ಒಮ್ಮೆರೆ.

ಆಕಿ ಏನೂ ಅನ್ನಲಿಲ್ಲ.
ನಮ್ಮ ಖೋಲ್ಯಾಗ ಬಿಚ್ಚದ ಗಂಟೊಂದದ,
ಮೂರು ಮನಿ ಹಿಂದ ಕಟ್ಟಿದ್ದು.
ಒಳಗೇನದ ಅನ್ನೋದು ಇಬ್ಬರಿಗೂ ಮರ್ತದ.
ಅದರ ಮ್ಯಾಲ ಕುಂತು
ಜ್ವಾಳ ಹಸನು ಮಾಡಲಿಕ್ಕತ್ತಿದ್ಲು.