ಮೂರನೇ ಇಂಗಾಲ

ಕರಿಬಸಮ್ಮ ಮೇಡಂ ಬೋರ್ಡಿನ ಮೇಲೆ
ಆರು ಮೂಲೆಯ ಒಂದು ಮನೆ ಕಟ್ಟಿದರು.
ಸೀಮೆಸುಣ್ಣ ಮುರಿಯಿತು. ಉಳಿದ ಚೂರಿನಲ್ಲೇ
ಅಕ್ಕಪಕ್ಕದ ಎರಡು ಮೂಲೆಗೆ ಎರಡು ಓಎಚ್,
ಉದ್ದ ಬಾಲಕ್ಕೊಂದು ನೈಟ್ರೋಜನ್,
ಅದರ ತುದಿಗೆ ಪುಟ್ಟ ಮೀಥೈಲ್.
"ಇದು ಅಡ್ರಿನಲಿನ್. ನಾಯಿ ಅಟ್ಟಿಸಿಕೊಂಡು ಬಂದಾಗ
ನಿಮಗಿಂತ ಮೊದಲು ಓಡುವುದು ಇದೇ."
ಹಿಂದಿನ ಬೆಂಚು ಬೊಗಳಿತು. ಮೇಡಮ್ಮೂ ನಕ್ಕರು.

ನಾಲ್ಕನೇ ಸೆಮಿಸ್ಟರಿನ ಮೊದಲ ವಾರ.
ಔಷಧ ರಸಾಯನವೆಂದರೆ ಬರೀ ಉರು ಹೊಡೆಯುವುದೆಂದು
ಸೀನಿಯರುಗಳು ಹೆದರಿಸಿದ್ದರು.
ಮೇಡಂ ಹೇಳಿದ್ದು ಬೇರೆ:
"ದೇಹ ಒಂದು ದೊಡ್ಡ ಕೇರಿ. ಬಾಗಿಲು ಸಾವಿರ.
ಒಂದೇ ಕೈ ಎಲ್ಲ ಕದವನ್ನೂ ಬಡಿದರೆ
ಉಸಿರೂ ಬಿಚ್ಚೀತು, ಎದೆಯೂ ಹುಚ್ಚೆದ್ದೀತು.
ಕೈಯ ಆಕಾರ ತಿದ್ದಿ. ಬೇಕಾದ ಕದವಷ್ಟೇ ತೆರೆಯಲಿ.
ಈ ವರ್ಷವಿಡೀ ನಾವು ಮಾಡುವುದು ಇಷ್ಟೇ."

ಆಮೇಲೆ ಮೀಥೈಲನ್ನು ಸೆರಗಿನಿಂದಲೇ ಒರೆಸಿ
ಅಲ್ಲಿ ಮೂರು ಕವಲಿನ ಬ್ಯೂಟೈಲ್ ಹೊರಿಸಿದರು.
ನನಗೆ ಕಂಡದ್ದು ಮಂಡಕ್ಕಿ ಚೀಲ:
ತೂಕವಿಲ್ಲ, ಗಾತ್ರ ಮಾತ್ರ ರಸ್ತೆ ತುಂಬ.
ಅದನ್ನು ಹೊತ್ತವನು ಎದೆಯ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾನೆ,
ಉಸಿರುನಾಳದ ಬಾಗಿಲು ಅಗಲ,
ಒಳಗೆ ಹೋಗುತ್ತಾನೆ.

ಇನ್ನು ಮೂರನೇ ಇಂಗಾಲ.
ಅಲ್ಲಿನ ಓಎಚ್ ಹುಡುಕಿಕೊಂಡು ಕಿಣ್ವವೊಂದು ಬರುತ್ತದಂತೆ,
ಮುದ್ರೆ ಒತ್ತಿ, ನಿಮಿಷಗಳಲ್ಲೇ ಕೆಲಸದಿಂದ ತೆಗೆಯುತ್ತದಂತೆ.
ಯಾರೋ ಒಬ್ಬರು, ಯಾವುದೋ ಲ್ಯಾಬಿನಲ್ಲಿ,
ಉಂಗುರಕ್ಕೂ ಓಎಚ್‌ಗೂ ನಡುವೆ
ಒಂದೇ ಒಂದು ಇಂಗಾಲ ತುರುಕಿದರು.
ಕಿಣ್ವ ಬಂತು. ಗುರುತು ಹತ್ತಲಿಲ್ಲ. ವಾಪಸು ಹೋಯಿತು.
ನಿಮಿಷ ಗಂಟೆಗಳಾಯಿತು.

"ಹೆಸರು ಗೊತ್ತೇನ್ರೋ ಯಾರಿಗಾದರೂ?"
ಕೈ ಎತ್ತಲಿಲ್ಲ ನಾನು. ಗೊತ್ತಿತ್ತು.
ಅಬ್ಬಾನ ಅಂಗಿಜೇಬಿನಲ್ಲಿ, ಆಧಾರ್ ಕಾರ್ಡಿಗೆ ಒರಗಿಕೊಂಡು
ನೀಲಿ ಡಬ್ಬಿಯೊಂದು ಮಲಗಿರುತ್ತದೆ,
ಅದರ ಮೈಮೇಲೆ ಸಣ್ಣಕ್ಷರದಲ್ಲಿ: ಸಾಲ್ಬುಟಮಾಲ್.

ಭಟ್ಟಿ ಲೇಔಟಿನಲ್ಲಿ ನಮ್ಮದು ಹದಿನೇಳನೇ ಭಟ್ಟಿ.
ಕಾದ ಮರಳಿಗೆ ಉಪ್ಪಕ್ಕಿ ಸುರಿದರೆ
ಎಣಿಸುವುದರೊಳಗೆ ಬಿಳಿ ನಗು.
ಕೆಳಗೆ ಭತ್ತದ ಹೊಟ್ಟು, ಕೆಲವು ವರ್ಷ ಹಳೇ ಟೈರು.
ಮೂವತ್ತು ವರ್ಷ ಅಬ್ಬಾ ಅದರ ಬಾಯಿಗೆ ಬಾಯಿ ಕೊಟ್ಟು ನಿಂತವರು.

ತರಗತಿಯ ಕೊನೆಗೆ ಕೇಳಿದೆ:
"ಮೇಡಂ, ಹೊಗೆಯ ರಚನೆ ಹೇಗೆ ಬರೆಯುವುದು?"
ಸೀಮೆಸುಣ್ಣ ಬೆರಳಲ್ಲಿ ಉರುಳಿಸುತ್ತ ನಿಂತರು.
"ಅದು ಒಂದಲ್ಲ ತಹಸೀನ್. ಬೋರ್ಡು ಸಾಲದು."
ಬೆಲ್ಲು ಹೊಡೆಯಿತು.

ಲ್ಯಾಬಿನ ನಾಲ್ಕಂಕಿ ತಕ್ಕಡಿಯಲ್ಲಿ ಯಾರೂ ಇಲ್ಲದಾಗ
ಒಂದು ಮಂಡಕ್ಕಿ ಇಟ್ಟು ನೋಡಿದೆ: ಹದಿನಾಲ್ಕು ಮಿಲಿಗ್ರಾಂ.
ಅಬ್ಬಾನ ಒಂದು ಸಲದ ಔಷಧಿ
ಇದರ ನೂರರಲ್ಲೊಂದು ಪಾಲೂ ಇಲ್ಲ.

ರಾತ್ರಿ ಹೇಳಿದೆ. ನಂಬಲಿಲ್ಲ.
"ಅಷ್ಟಕ್ಕೇ ಅಷ್ಟು ದುಡ್ಡಾ?"
ಅದರಲ್ಲೂ ಅರ್ಧ ಎಡಗೈ ಅಣು, ಅರ್ಧ ಬಲಗೈ,
ಒಂದು ಕೈ ಯಾವ ಕದವನ್ನೂ ತೆರೆಯುವುದಿಲ್ಲ ಎಂದೆ.
"ಹಂಗಾದ್ರೆ ಅರ್ಧ ರೇಟ್ ತಗೋಬೇಕಿತ್ತಲ್ಲ ಮಗಳೇ,
ನಾವು ಮಂಡಕ್ಕೀಲಿ ಹೊಟ್ಟು ಬೆರೆಸಿದ್ರೆ ಬಿಡ್ತಾರಾ?"
ನಕ್ಕರು. ನಗು ಕೆಮ್ಮಾಯಿತು.
ಡಬ್ಬಿಯನ್ನು ಕಿವಿಯ ಹತ್ತಿರ ಅಲುಗಿಸಿದರು,
ತೆಂಗಿನಕಾಯಿ ಕೊಳ್ಳುವವರ ಹಾಗೆ.

ಇಂಟರ್ನಲ್ಸಿಗೆ ಅದೇ ಪ್ರಶ್ನೆ ಬಂತು:
ರಚನೆಗೂ ಕ್ರಿಯೆಗೂ ಇರುವ ಸಂಬಂಧ ವಿವರಿಸಿ. ಐದು ಅಂಕ.
ಬ್ಯೂಟೈಲ್ ಬರೆದೆ, ಮೂರನೇ ಇಂಗಾಲ ಬರೆದೆ,
ಕನ್ನಡಿಯ ಕೈಗಳನ್ನೂ ಬಿಡಿಸಿದೆ.
ಮೂರೂವರೆ ಬಂತು. ಅಂಚಿನಲ್ಲಿ ಕೆಂಪು ಶಾಯಿ:
'ಅಡ್ಡ ಪರಿಣಾಮ ಬರೆದಿಲ್ಲ.'

ಗೊತ್ತಿತ್ತು, ಮೇಡಂ.
ಅದೇ ಬಾಗಿಲು ತೋಳಿನ ಸ್ನಾಯುವಿನಲ್ಲೂ ಇದೆ.
ಎರಡು ಸಲ ಒತ್ತಿಕೊಂಡ ಮೇಲೆ
ಅಬ್ಬಾನ ಬೆರಳು ನಡುಗುತ್ತವೆ, ಅರ್ಧ ಗಂಟೆ.
ಆಗ ಅವರು ಜರಡಿ ಹಿಡಿಯುತ್ತಾರೆ,
ಯಾರಿಗೂ ತಿಳಿಯಬಾರದೆಂದು.