ಉಗುರುಬೆಚ್ಚಗೆ

ನನ್ನ ಕೆಲಸ ಇಷ್ಟೇ: ನೀರು ಕಾಯಿಸುವುದು.
ಬೂದಿ ಬುಧವಾರದಿಂದ ಹಿಡಿದು ಬುಧವಾರ ಬುಧವಾರ
ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ
ಒಂಬತ್ತು ಪ್ಲಾಸ್ಟಿಕ್ ಬೋಗುಣಿ, ಎರಡು ಹಂಡೆ,
ಒಂದು ಪೊಟ್ಟಣ ಕಲ್ಲುಪ್ಪು.
ಉಗುರುಬೆಚ್ಚಗಿರಲಿ, ಹೆಚ್ಚು ಬೇಡ ಅಂದಿದ್ದಾಳೆ ಐಲಿ.
ಮೊಣಕೈ ಅದ್ದಿ ನೋಡುತ್ತೇನೆ, ಕೂಸಿಗೆ ನೀರು ಹದ ಮಾಡುವವರ ಹಾಗೆ.
ಬಾಯ್ಲರ್ ರಿಪೇರಿಗೆಂದು ಬಂದವನು ನಾನು, ಮೂರು ವರ್ಷದ ಹಿಂದೆ.
ಬಾಯ್ಲರ್ ಇನ್ನೂ ಸರಿಹೋಗಿಲ್ಲ.

ಹೊರಗೆ ಡುಲೂತ್, ಇಳಿಜಾರಿನ ತುಂಬ ಹಳೆಯ ಹಿಮ.
ಕೆಳಗೆ ಸುಪೀರಿಯರ್ ಸರೋವರ
ತುಟಿ ಬಿಚ್ಚದೆ ಮಲಗಿದೆ.
ಅದಿರಿನ ಹಡಗುಗಳು ಇನ್ನೂ ಬಂದಿಲ್ಲ.
ಬಂದವರು ಇವರು:
ಸೇತುವೆಯಡಿಯಿಂದ, ಬಸ್ ನಿಲ್ದಾಣದಿಂದ, ಕಾರಿನ ಹಿಂದಿನ ಸೀಟಿನಿಂದ,
ಒಂದರ ಮೇಲೊಂದು ಮೂರು ಕಾಲುಚೀಲ ತೊಟ್ಟು.
ಮೂರನ್ನೂ ಬಿಚ್ಚುವಾಗ
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಐಲಿ ಕೊಸ್ಕೆಲಾ ನೋಡುತ್ತಾಳೆ, ಮುಖವನ್ನಲ್ಲ, ಪಾದವನ್ನು.
ನಲವತ್ತು ವರ್ಷ ನರ್ಸಾಗಿದ್ದವಳು. ಕನ್ನಡಕ ಮೂಗಿನ ತುದಿಗೆ.
ಆಣಿ, ಬೊಕ್ಕೆ, ಬಿರಿದ ಹಿಮ್ಮಡಿ,
ಹಿಮ ಕಚ್ಚಿ ಕಪ್ಪಾದ ಕಿರುಬೆರಳು,
ಕೊಕ್ಕಿನಂತೆ ಬಾಗಿ ಮಾಂಸಕ್ಕಿಳಿದ ಉಗುರು,
ಎಲ್ಲದಕ್ಕೂ ಅವಳದು ಒಂದೇ ಮಾತು:
"ಹ್ಞೂಂ. ಇನ್ನಷ್ಟು ಹೊತ್ತು ನೆನೆಯಲಿ."

ತಪಸ್ಸುಕಾಲಕ್ಕೆ ನಾನು ಸಕ್ಕರೆ ಬಿಟ್ಟಿದ್ದೆ.
ಪಾಸ್ಟರ್ ಸಿಗ್ರಿದ್ ಫೋನು ನೋಡುವುದನ್ನು ಬಿಟ್ಟಿದ್ದರು, ಅರ್ಧ.
"ನಾನೇನು ಬಿಡಲಿ?" ಅಂದ ವೆಂಡೆಲ್,
ಬೋಗುಣಿಯೊಳಗೆ ಹೆಬ್ಬೆರಳು ಆಡಿಸುತ್ತ.
ತಮಾಷೆಗೇ ಅಂದದ್ದು. ಅವನೇ ನಕ್ಕ.
ಮೇಜಿನ ಮೇಲೆ ಬಟಾಣಿ ಸೂಪು ಆರುತ್ತಿತ್ತು.
ನಾನಂತೂ ಹಂಡೆಯ ಕಡೆ ತಿರುಗಿ
ಕಾದ ನೀರನ್ನೇ ಮತ್ತೆ ಕಾಯಿಸಿದೆ.

ಪವಿತ್ರ ಗುರುವಾರ, ಮೇಲೆ, ಪೀಠದ ಮುಂದೆ
ಬೆಳ್ಳಿ ಬಟ್ಟಲು, ಇಸ್ತ್ರಿ ಮಾಡಿದ ಟವೆಲು.
ಹನ್ನೆರಡು ಜನ ಸಾಲಾಗಿ ಕೂತರು.
ಮನೆಯಲ್ಲೇ ತೊಳೆದುಕೊಂಡು ಬಂದ ಪಾದಗಳು,
ಒಂದೆರಡರ ಉಗುರಿಗೆ ಹೊಸ ಬಣ್ಣ.
ಪಾಸ್ಟರ್ ಮಂಡಿಯೂರಿ, ಮೂರು ಹನಿ ಸುರಿದು, ಒರೆಸಿದರು.
ಹಿಂದಿನ ಬೆಂಚಿನಲ್ಲಿ ಐಲಿ ನನ್ನ ಕಿವಿಯಲ್ಲಿ:
"ಒಬ್ಬರಿಗಾದರೂ ಒಂದು ಆಣಿ ಬೇಡವೇ?"
ನಗು ತಡೆಯಲಾರದೆ ಕೆಮ್ಮಿದೆ.
ಆಮೇಲೆ ಅವಳ ಬೂಟು ಕಂಡಿತು, ಲೇಸು ಬಿಗಿದೇ ಇತ್ತು.
ಸಾಲಿಗೆ ಹೋಗಿರಲಿಲ್ಲ ಅವಳು.
ನಾನೂ.

ಆ ಬುಧವಾರ ವೆಂಡೆಲ್ ಬಂದಿರಲಿಲ್ಲ.
ಶನಿವಾರ ರಾತ್ರಿ ಅಂಗಳದಲ್ಲಿ ಬೆಂಕಿ ಹೊತ್ತಿಸಿದೆವು.
ಗಾಳಿ ಎರಡು ಸಲ ಆರಿಸಿತು.
ಮೂರನೆಯ ಸಲ ಸೀಮೆಎಣ್ಣೆ ಸುರಿದವನು ನಾನು,
ಅದು ಪ್ರಾರ್ಥನಾ ಕ್ರಮದಲ್ಲಿಲ್ಲ.
ಆಗಲೇ ಕೆಳಗೆ ಕತ್ತಲಲ್ಲಿ
ವರ್ಷದ ಮೊದಲ ಹಡಗು ಕೂಗಿತು,
ಸೇತುವೆ ಮರುಕೂಗಿತು,
ಮೇಣದ ಬತ್ತಿ ಹಿಡಿದ ಮಕ್ಕಳೆಲ್ಲ ನೀರಿನ ಕಡೆ ತಿರುಗಿದರು.
ಪಾಸ್ಟರ್ ಬಾಯಲ್ಲಿದ್ದ ಮಾತು ಅಲ್ಲೇ ತಡೆದು ನಿಂತಿತು,
ಹಡಗಿಗೆ ದಾರಿ ಬಿಟ್ಟು.

ಈಸ್ಟರ್ ಬೆಳಗ್ಗೆ ಸಿಹಿ ಬ್ರೆಡ್ಡು ಕಟ್ಟಿಕೊಂಡು
ಐಲಿಯೂ ನಾನೂ ರಾತ್ರಿ ತಂಗುವ ಮನೆಗೆ ಹೋದೆವು.
ಹದಿನಾಲ್ಕನೆಯ ಮಂಚ.
ಹೊದಿಕೆ ನಾಲ್ಕು ಮಡಿಕೆ,
ಪಕ್ಕದಲ್ಲಿ, ಬೇರೆಯಾಗಿ ಸುತ್ತಿಟ್ಟ
ನಮ್ಮದೇ ಉಣ್ಣೆ ಕಾಲುಚೀಲ, ಒಗೆದದ್ದು.
"ಹೋದ," ಅಂದಳು ಬಾಗಿಲಲ್ಲಿದ್ದ ಹುಡುಗಿ.
ಫಾರ್ಗೊದಲ್ಲಿ ತಂಗಿಯ ಮನೆಗೆ ಎಂದು ಒಬ್ಬ,
ಆಸ್ಪತ್ರೆಗೆ ಎಂದು ಇನ್ನೊಬ್ಬ.
ಆಗತಾನೇ ಪೀಠದಿಂದ ಕೇಳಿ ಬಂದ ಕಥೆಯೂ
ಹೀಗೇ, ಮಡಿಸಿಟ್ಟ ಬಟ್ಟೆಯ ಮುಂದೆ
ಏನು ತಿಳಿಯಬೇಕೋ ತಿಳಿಯದೆ ನಿಂತಿತ್ತು.
ಐಲಿ ಕಾಲುಚೀಲ ಎತ್ತಿ ಹಿಮ್ಮಡಿಯ ತೇಪೆ ನೋಡಿದಳು.
"ಹ್ಞೂಂ," ಅಂದಳು. ಅಷ್ಟೇ.

ತಪಸ್ಸು ಮುಗಿಯಿತು. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡೆ.
ಗೋಡೆಯ ಪಟ್ಟಿಯಲ್ಲಿ ಈಸ್ಟರಿನ ತನಕ ಎಂದಷ್ಟೇ ಇತ್ತು,
ಯಾರೂ ಪಟ್ಟಿ ನೋಡಲಿಲ್ಲ.
ಬುಧವಾರ ಬಾಯ್ಲರ್ ಎರಡು ಸಲ ಸೀನಿತು. ಒಂಬತ್ತೂ ಬೋಗುಣಿ ಇಟ್ಟೆ.
ವೆಂಡೆಲನ ಕುರ್ಚಿಯಲ್ಲಿ ಯಾರೋ ಹೆಂಗಸು,
ಹೆಸರು ಹೇಳಲಿಲ್ಲ, ಕೋಟು ಬಿಚ್ಚಲಿಲ್ಲ,
ಒಂದು ಕಾಲಷ್ಟೇ ಇಳಿಸಿ ತಟ್ಟನೆ ಎಳೆದುಕೊಂಡಳು:
"ಯಾರಯ್ಯ ಇದನ್ನ ಕಾಯಿಸಿದ್ದು?"
ಮೊಣಕೈ ಒರೆಸಿಕೊಂಡು
ತಣ್ಣೀರಿನ ಚೊಂಬು ಹಿಡಿದು ಹೋದೆ.