ಚಿಲ್ಲರೆ

ಐದೂ ನಲವತ್ತರ ಕದ್ರಾ ಬಸ್ಸಿಗೆ
ನಾನು ಮೂರೂವರೆಗೇ ಏಳಬೇಕು.
ಮೊದಲು ಕಣ್ಣಿಗೆ ಎಚ್ಚರ,
ಬೆರಳುಗಳಿಗೆ ಆಮೇಲೆ, ಒಂದೊಂದಾಗಿ,
ಪರೀಕ್ಷೆಯ ದಿನ ಎಬ್ಬಿಸಿದ ಮಕ್ಕಳ ಹಾಗೆ.
ಬಿಸಿನೀರಿನ ಬಕೆಟ್ಟಿನಲ್ಲಿ ಅವನ್ನು ಅದ್ದಿ ಕೂತು
ಬೈತಖೋಲದ ಬೋಟುಗಳು ಕೆಮ್ಮುವುದನ್ನು ಕೇಳುತ್ತೇನೆ.
ಜಡೆ ಹೆಣೆಯಲಾಗದೆ ಕೂದಲು ಕತ್ತರಿಸಿಕೊಂಡೆ.
ಫ್ಯಾಶನ್ನು ಅಂದರು ಡಿಪೋದಲ್ಲಿ.
ಹೌದು ಅಂದೆ.

ಮೊಣಕೈಯ ಬಿಳಿ ಹೊಪ್ಪಳೆಗೆ ಚರ್ಮದ ಡಾಕ್ಟರು, ಮುಲಾಮು.
ನಾಲ್ಕು ವರ್ಷ ಕಳೆದು ಹಿಮ್ಮಡಿ ನೋವಿಗೆ
ಎಲುಬಿನ ಡಾಕ್ಟರು:
‘ದಿನವಿಡೀ ನಿಂತೇ ಇರ್ತೀರಲ್ಲ, ಮತ್ತೇನು.’
ನಡುಬೆರಳು ಉಬ್ಬಿ ಕಡುಬಾದಾಗ
ಮೀನು ಬಿಡು ಅಂದಳು ಚಿಕ್ಕಮ್ಮ.
ಹರಿಕಂತರ ಮನೆಯಲ್ಲಿ ಹುಟ್ಟಿ
ಒಂದು ವರ್ಷ ಮೀನು ಬಿಟ್ಟೆ.
ನೋವು ನನ್ನನ್ನು ಬಿಡಲಿಲ್ಲ.

ಕಡವಾಡದ ಮಾಸ್ತರು ಎರಡು ರೂಪಾಯಿ
‘ಇರಲಿ ಬಿಡಿ’ ಅಂದಾಗ ಧಾರಾಳಿ ಅಂದುಕೊಂಡೆ,
ಮೂರನೆಯ ದಿನದವರೆಗೆ.
ಹೆಂಗಸರು ಸೊನ್ನೆ ರೂಪಾಯಿಯ ಟಿಕೆಟನ್ನೂ
ತುದಿ ಹಿಡಿದು ಎಳೆದುಕೊಳ್ಳುತ್ತಿದ್ದರು.
ಅಂಟುವುದಿಲ್ಲ ಎಂದು ಎಷ್ಟು ಸ್ಟಾಪಿನಲ್ಲಿ ಹೇಳಲಿ?
ಸೀಟಿ ಊದಿದೆ.

ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬರುವ ಸಂಧಿವಾತದ ಡಾಕ್ಟರು
ನೋವೆಲ್ಲಿ ಎಂದು ಕೇಳಲಿಲ್ಲ.
‘ಉಗುರು ತೋರಿಸಿ.’
ಬಣ್ಣ ಬಳಿದು ಮುಚ್ಚಿದ್ದೆ. ಅವರೇ ಒರೆಸಿದರು.
ಕೆಳಗೆ, ದರ್ಜಿಯ ಬೆರಳುಟೋಪಿಯ ಮೇಲಿರುವಂಥ
ಸಣ್ಣ ಸಣ್ಣ ಗುಳಿ.
ನನ್ನ ಖಾಕಿ ನೋಡಿ ಹೇಳಿದರು:
‘ಚರ್ಮ, ಗಂಟು, ಎರಡು ರೋಗ ಅಲ್ಲ ಇದು.
ಒಂದೇ ಬಸ್ಸು, ಎರಡು ಬಾಗಿಲು.
ಕಾಯಬೇಕಾದ ರಕ್ತವೇ
ಮನೆಯವರ ಮೇಲೆ ಕೈ ಮಾಡುತ್ತಿದೆ.’
ಸೋರಿಯಾಟಿಕ್ ಆರ್ಥ್ರೈಟಿಸ್. ಚೀಟಿಯ ಅಗಲ ಸಾಲಲಿಲ್ಲ.
ನಾನು ಅತ್ತದ್ದು ಹೆಸರಿಗಲ್ಲ.
ಬರೆಯುವಾಗಲೂ ಅವರ ಎಡಗೈ
ನನ್ನ ಬೆರಳನ್ನು ಬಿಟ್ಟಿರಲಿಲ್ಲ.

ಈಗ ಸೋಮವಾರ ರಾತ್ರಿ ಹಳದಿ ಗುಳಿಗೆ.
ವಾರಕ್ಕೊಮ್ಮೆ, ದಿನಾ ಅಲ್ಲ, ದಿನಾ ಅಲ್ಲ
ಎಂದು ಮೂರು ಸಲ ಹೇಳಿಸಿದ್ದಾರೆ ನನ್ನ ಬಾಯಲ್ಲೇ.
ಮಂಗಳವಾರ ಓಕರಿಕೆ, ಜೇಬಿನಲ್ಲಿ ನಿಂಬೆಸಿಪ್ಪೆ.
ಆಗಾಗ ರಕ್ತಪರೀಕ್ಷೆ. ಸಂಜೆ ಬೀಚಿನ ಗಟ್ಟಿ ಮರಳಲ್ಲಿ
ಲೈಟ್‌ಹೌಸು ಮಿನುಗುವವರೆಗೆ ನಡಿಗೆ,
ಕೆಲವು ಸಂಜೆ ಗೇಟಿನವರೆಗೆ ಮಾತ್ರ.
ಒಂಬತ್ತರ ಬಸ್ಸು ಕೊಡಿ ಎಂದು ಅರ್ಜಿ ಹಾಕಿದ್ದೇನೆ.
ಆ ಫೈಲೂ ನನ್ನ ಮಂಡಿಯ ಹಾಗೆ,
ಬೆಳಿಗ್ಗೆ ಅಲುಗುವುದಿಲ್ಲ.

ಕೆರವಡಿಯಲ್ಲಿ ಒಬ್ಬ ಹುಡುಗ ಹತ್ತುತ್ತಾನೆ,
ಮೇ ತಿಂಗಳಲ್ಲೂ ತುಂಬುತೋಳಿನ ಅಂಗಿ.
ಕಂಬಿ ಹಿಡಿಯಲು ಕೈ ಎತ್ತಿದಾಗ ತೋಳು ಜಾರಿತು.
ಥಟ್ಟನೆ ಎಳೆದುಕೊಂಡ.
ಮೆಟ್ಟಿಲು ಇಳಿಯುವಾಗ ಕುಂಟಿದ.

ಮರುದಿನ ನನ್ನ ತೋಳು ಮಡಚಿಕೊಂಡು
ಅವನ ಬಳಿ ಹೋದೆ. ಎರಡು ರೂಪಾಯಿ ಚಿಲ್ಲರೆ
ಅಂಗೈ ಮೇಲಿಟ್ಟೆ, ತಾಗಿಸಿಯೇ.
‘ಉಗುರು ತೋರಿಸು’ ಅಂದೆ.